ಕಣದಲ್ಲಿ ನಿಂತ ಹಿಟಾಚಿ

ಕೊಡ್ಲಿಪೇಟೆ
20 ನವೆಂಬರ್ 2025, ಗುರುವಾರ

ನನ್ನ ಮುದ್ದು ದಿವ್ಯಾ,

ಅಮ್ಮ ಕಾಗದ ಬರೆದಿದ್ದಾಳೆ ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಹಸು ಕರು ಹಾಕಿದೆ, ಹೆಣ್ಣು. ದಿನಾ ಫೋನಿನಲ್ಲಿ ಮಾತಾಡುವವಳು ಪಾಲಿಬೆಟ್ಟಕ್ಕೆ ಕಾಗದ ಯಾಕೆ ಬರೆದಳು ಎಂದರೆ, ಫೋನಿನಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ಮೂರು ಆಡಿರುತ್ತೀಯ. ಇದು ಯಾರೂ ಮಧ್ಯೆ ಬಾಯಿ ಹಾಕದೆ ಹೇಳಿ ಮುಗಿಸಬೇಕಾದ ವಿಷಯ. ಎಸ್ಟೇಟ್ ಆಫೀಸಿನಲ್ಲಿ ಎಲ್ಲರೆದುರು ಒಡೆಯಬೇಡ. ಕ್ವಾರ್ಟರ್ಸಿಗೆ ಹೋಗಿ ಬಾಗಿಲು ಹಾಕಿಕೊಂಡು ಓದು.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಮ್ಮ ಕಾಫಿ ಕಣದಲ್ಲಿ ನಿಂತಿದೆಯಲ್ಲ ಹಿಟಾಚಿ, ಅದರ ದೇರಪ್ಪನವರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾರೆ. ಓದಿದೆಯಾ? ಬೇಕಾದರೆ ಇನ್ನೊಮ್ಮೆ ಓದು. ನಾನೂ ಅವರಿಂದ ಎರಡು ಸಲ ಹೇಳಿಸಿಕೊಂಡೆ. ಕುಯ್ಲಿಗೆ ಮೊದಲು ಉತ್ತರ ಹೇಳುತ್ತೇನೆ ಎಂದಿದ್ದೇನೆ. ಕುಯ್ಲು ಶುರುವಾಯಿತೆಂದರೆ ಹಣ್ಣು ಹರಡಿ ಒಣಗಿಸಲು ಕಣ ಬೇಕು, ಮಿಷನ್ ಹೋಗಲೇಬೇಕು. ನಾನು ಬೇಡ ಎಂದರೆ ಅದರ ಜೊತೆ ಅವರೂ ಹೋಗುತ್ತಾರೆ. ಹೂಂ ಎಂದರೆ ಏನಾಗುತ್ತದೆಂದು ನನಗೆ ಹೊಳೆಯುತ್ತಿಲ್ಲ. ಈ ವಯಸ್ಸಿನಲ್ಲಿ ತಲೆ ಇಷ್ಟು ಕೆಡುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ನಿನ್ನೆ ಹಾಲಿಗೆ ಹಾಕಬೇಕಾದ ಹೆಪ್ಪನ್ನು ಸಾರಿಗೆ ಹಾಕಿದೆ.

ಮಿಷನ್ ಇಲ್ಲಿಗೆ ಹೇಗೆ ಬಂತೆಂದು ನಿನಗೆ ಅರ್ಧ ಗೊತ್ತು. ಮೇ ತಿಂಗಳಿನಲ್ಲಿ ದೊಡ್ಡಪ್ಪನ ತೋಟದ ಕೆರೆ ತೋಡಲು ಅವರು ಬಂದರು. ಊರು ಕರಿಕೆ, ಜಿಲ್ಲೆಯ ಆ ತುದಿ. ಮಿಷನ್ ಅವರದೇ, ಓಡಿಸುವವರೂ ಅವರೇ. ಈ ವರ್ಷ ಮಳೆ ಹೇಳದೆ ಕೇಳದೆ ಮೇಯಲ್ಲೇ ಹಿಡಿದುಕೊಂಡಿತಲ್ಲ, ಕೆರೆ ಅರ್ಧಕ್ಕೇ ನಿಂತಿತು. ಮಣ್ಣು ಅಗೆಯುವ ಕೆಲಸಕ್ಕೆ ಮಳೆಗಾಲ ಮುಗಿಯುವ ತನಕ ನಿಷೇಧ. ಮಿಷನ್ ಹೇರಿಕೊಂಡು ಹೋಗುವ ಟ್ರೈಲರ್ ಲಾರಿ ನಮ್ಮ ರಸ್ತೆಯ ಕೆಸರಿಗೆ ಹೆದರಿ ಮೇಲಕ್ಕೇ ಬರಲಿಲ್ಲ. ಪಂಚಾಯಿತಿಯವರೂ ಈ ಕಡೆ ಎಲ್ಲಾದರೂ ಬರೆ ಜರಿದು ಗುಡ್ಡದ ಮಣ್ಣು ಕೆಳಗೆ ಬಂದರೆ ಒಂದು ಮಿಷನ್ ಕೈಗೆ ಸಿಗುವಂತಿರಲಿ ಎಂದರು. ಸುತ್ತಮುತ್ತ ಗಟ್ಟಿ ನೆಲ, ಸಮತಟ್ಟು ಜಾಗ ಎಂದರೆ ನಮ್ಮ ಕಣವೊಂದೇ. ಸಿಮೆಂಟ್ ಒಡೆಯಬಾರದೆಂದು ಹಳೆಯ ಟಯರ್‌ಗಳನ್ನು ಹಾಸಿ ಅದರ ಮೇಲೆ ಹತ್ತಿಸಿ ತಂದು ನಿಲ್ಲಿಸಿದರು. ಒಂದು ಕಡೆಯೂ ಬಿರುಕು ಬಿಡಲಿಲ್ಲ. ಅವರ ವಾಸ ದೊಡ್ಡಪ್ಪನ ಗೋಡೌನ್ ಪಕ್ಕದ ಕೋಣೆಯಲ್ಲಿ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ, ಮಕ್ಕಳಿಲ್ಲ.

ನಿಲ್ಲಿಸಿದ ಮಿಷನ್ನಿಗೆ ಕೆಲಸವಿರುವುದಿಲ್ಲ ಎಂದು ನಾನು ತಿಳಿದಿದ್ದೆ. ಎಲ್ಲಿಯ ಮಾತು! ಮಳೆಯಲ್ಲಿ ಅದಕ್ಕೆ ಬಾಣಂತಿಯ ಆರೈಕೆ. ಚೈನಿನ ಸಂದಿಯ ಕೆಸರನ್ನು ಒಣಗುವ ಮುಂಚೆ ಕೆರೆದು ತೆಗೆಯಬೇಕು. ಕೈ ಎತ್ತಿ ಇಳಿಸುವ ಆ ಹೊಳೆಯುವ ಕಬ್ಬಿಣದ ದಂಡಗಳಿಗೆ ತುಕ್ಕು ಹಿಡಿಯದಂತೆ ಗ್ರೀಸ್ ಬಳಿಯಬೇಕು. ಡೀಸೆಲ್ ಟ್ಯಾಂಕು ಯಾವಾಗಲೂ ತುಂಬಿರಬೇಕು, ಖಾಲಿ ಇದ್ದರೆ ಥಂಡಿಗೆ ಒಳಗೇ ನೀರು ಬೆವರುತ್ತದಂತೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಎಣ್ಣೆ ಮೈಯೆಲ್ಲಾ ಓಡಾಡುವಂತೆ ಮಾಡಬೇಕು. ಅವರು ಇದನ್ನೆಲ್ಲ ಮಾಡುತ್ತಾ ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು, ಡೀಸೆಲ್ ಉಟ್ಟು, ಗ್ರೀಸ್ ಉಟ್ಟು ಎಂದು. ಅವರ ಅರೆಭಾಷೆಯಲ್ಲಿ ಇದೆ ಎನ್ನಲು ಹಾಗೆ ಹೇಳುತ್ತಾರೆ. ಈಗ ನನ್ನ ಬಾಯಿಗೂ ಬಂದುಬಿಟ್ಟಿದೆ. ಮೊನ್ನೆ ಅಂಗಡಿಯಲ್ಲಿ ಬೆಲ್ಲ ಉಟ್ಟಾ ಎಂದು ಕೇಳಿ ನಗೆಪಾಟಲಾದೆ.

ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ ಹಬ್ಬಕ್ಕೆ ಅವರು ಊರಿಗೆ ಹೊರಟಾಗ ಕೀಲಿ ನನ್ನ ಕೈಗೆ ಕೊಟ್ಟರು. ದಾರಿಯಲ್ಲಿ ಬರೆ ಜರಿದು ಬಸ್ಸು ನಿಂತು, ಅವರು ಬೇಗ ಹಿಂದಿರುಗಲು ಆಗಲಿಲ್ಲ. ಮಿಷನ್ ಸ್ಟಾರ್ಟ್ ಮಾಡುವ ವಾರದ ದಿನ ಬಂತು. ಫೋನಿನಲ್ಲಿ ಅವರು, "ಅಮ್ಮಾವ್ರೆ, ಎಡಗಡೆ ಕೆಂಪು ಲಾಕ್ ಮೇಲೇ ಇರ್ಲಿ, ಅದೊಂದು ಮುಟ್ಬೇಡಿ, ಬರೀ ಕೀಲಿ ತಿರುಗ್ಸಿ. ಆಫ್ ಮಾಡೋ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ಓಡ್ಲಿ, ಬಿಸಿ ಇಳೀಲಿ" ಎಂದರು. ಅಪ್ಪನ ಹಳೆ ಸ್ವೆಟರ್ ಹಾಕಿಕೊಂಡು ಹತ್ತಿ ಕೂತೆ. ತಿರುಗಿಸಿದೆ. ಅಡುಗೆಮನೆಯ ಪಾತ್ರೆಗಳು ಅಲುಗುವುದು ಅಲ್ಲಿಗೇ ಕೇಳಿಸಿತು. ನಿಜ ಹೇಳುತ್ತೇನೆ, ಖುಷಿಯಾಯಿತು. ನೀನು ಕೆಲಸಕ್ಕೆ ಹೋದ ಮೇಲೆ ಈ ಮನೆಯಲ್ಲಿ ಅಷ್ಟು ಸದ್ದು ಆಗಿರಲಿಲ್ಲ.

ಖುಷಿಯಲ್ಲಿ ಆ ಕೆಂಪು ಲಾಕನ್ನು ಮುಟ್ಟಿದೆ, ಅದು ಕೆಳಗಿಳಿದುಬಿಟ್ಟಿತು. ಮುಟ್ಟಬೇಡ ಎಂದರೆ ಮುಟ್ಟುವ ಬುದ್ಧಿ ನಿನಗೆ ಎಲ್ಲಿಂದ ಬಂತೆಂದು ಈಗ ಗೊತ್ತಾಯಿತಲ್ಲ. ಸ್ವೆಟರಿನ ಸಡಿಲ ತೋಳು ಪಕ್ಕದ ಹಿಡಿಗೆ ಸಿಕ್ಕಿಕೊಂಡಿತು, ಮಿಷನ್ನಿನ ಇಡೀ ಮೈ ಗಿರ್ರನೆ ತಿರುಗಿ ಬಚ್ಚಲುಮನೆಯ ಮಾಡಿಗೆ ಬಡಿಯಿತು. ಟಿವಿ ಡಿಶ್ ಗಾಳಿಗೆ ಬಿತ್ತು ಎಂದು ನಿನಗೆ ಹೇಳಿದ್ದೆನಲ್ಲ, ಅದು ಗಾಳಿಗೆ ಬಿದ್ದದ್ದಲ್ಲ. ದೇರಪ್ಪನವರು ಬಂದು ನೋಡಿ ಒಂದು ಮಾತೂ ಬಯ್ಯಲಿಲ್ಲ. ನಿಮಗೇನೂ ಆಗಿಲ್ಲ ತಾನೇ ಎಂದು ಕೇಳಿ, ಏಣಿ ಹಾಕಿ ಹಂಚು ಹೊದೆಸಿಕೊಟ್ಟರು. ಬಯ್ದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಬಯ್ಯಬಹುದಿತ್ತು.

ಊರಿನವರ ಮಾತು ಶುರುವಾದದ್ದು ಮಳೆ ನಿಂತ ಮೇಲೆ. ದೊಡ್ಡಪ್ಪ ಬೆಳಿಗ್ಗೆ ಹಾಲಿಗೆ ಬಂದಾಗಲೆಲ್ಲ, "ಅದ್ಯಾಕ್ ಮಂಗಳಾ, ಆ ಮಿಷನ್ನು ಇನ್ನೂ ಹೋಗ್ಲಿಲ್ವಾ?" ಎಂದು ಕೇಳುತ್ತಾರೆ. ಏನು ಹೇಳಲಿ? ಒಂದು ಸಲ ದೇರಪ್ಪನವರು ಪಂಪಿನ ಸೀಲ್ ಸೋರುತ್ತಿದೆ ಅಂದರು, ಇನ್ನೊಂದು ಸಲ ಟ್ರೈಲರ್ ಸಿಗಲಿಲ್ಲ ಅಂದರು. ಹತ್ತಿರದಲ್ಲಿ ಕೆರೆ ಕೆಲಸ, ಚರಂಡಿ ಕೆಲಸ ಮಾಡಿಕೊಂಡು ಸಂಜೆಯಾದರೆ ಮತ್ತೆ ನಮ್ಮ ಕಣಕ್ಕೇ ತಂದು ನಿಲ್ಲಿಸುತ್ತಾರೆ. ಸೀಲ್ ನಿಜವಾಗಿಯೂ ಸೋರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಳಗೆ ಒಂದು ತಗಡು ಇಟ್ಟು ನೋಡಬಹುದಿತ್ತು. ನಾನು ಇಡಲಿಲ್ಲ.

ಈಗ ಬೆಳಿಗ್ಗೆ ಚಳಿ ಬಿದ್ದಿದೆ. ಎಣ್ಣೆ ಗಟ್ಟಿಯಾಗಿರುತ್ತದೆ, ಬಿಸಿಯಾಗುವ ತನಕ ಕೆಲಸ ಕೊಡಬಾರದು ಎನ್ನುತ್ತಾ ಮಿಷನ್ನನ್ನು ಸುಮ್ಮನೆ ಓಡಲು ಬಿಟ್ಟು, ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಮೊನ್ನೆ ಹಾಗೆ ಕೂತಾಗ ಬೇಸಿಗೆಯ ಮಾತು ತೆಗೆದರು. ಬೇಸಿಗೆಯಲ್ಲಿ ಧೂಳು ಜಾಸ್ತಿ, ಏರ್ ಫಿಲ್ಟರನ್ನು ದಿನಾ ತೆಗೆದು ಊದಬೇಕು, ರೇಡಿಯೇಟರ್ ಸಂದಿಯಲ್ಲಿ ತರಗೆಲೆ ಸೇರಿಕೊಳ್ಳುತ್ತದೆ ಎಂದೆಲ್ಲ ನನಗೆ ಪಾಠ. ಬೇಸಿಗೆಗೆ ಇದು ಯಾವ ಊರಿನಲ್ಲಿರುತ್ತದೋ, ನನಗ್ಯಾಕೆ ಹೇಳುತ್ತೀರಿ ಎಂದೆ. ಆಗ ಲೋಟ ಕೆಳಗಿಟ್ಟು ಕೇಳಿದರು. ಆರು ತಿಂಗಳಿನಿಂದ ಅಮ್ಮಾವ್ರೆ ಎನ್ನುತ್ತಿದ್ದವರು ಆವತ್ತು ಅಮ್ಮಾವ್ರೆ ಎನ್ನಲಿಲ್ಲ. "ರಿಜಿಸ್ಟರ್ ಆಫೀಸಲ್ಲಿ ಸಾಕು. ನೀವು ನಿಮ್ಮ ಲಿಂಗಪೂಜೆ ಬಿಡೋದು ಬೇಡ, ನಾನು ನಿಮ್ಮ ಅಡುಗೆಮನೆಗೆ ಮಾಂಸ ತರೋದೂ ಇಲ್ಲ" ಎಂದರು. ಈಗಲೂ ಭಾನುವಾರ ಪೇಟೆಯಲ್ಲಿ ಹಂದಿಮಾಂಸ ತಿಂದು ಬಂದರೆ ಮೋಟಾರಿನ ಹತ್ತಿರ ಕೈಕಾಲು ತೊಳೆದುಕೊಂಡೇ ಕಣಕ್ಕೆ ಕಾಲಿಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ.

ಜಾತಿ ಬೇರೆ, ಊಟ ಬೇರೆ, ಜನ ಆಡಿಕೊಳ್ಳುತ್ತಾರೆ, ಇದೆಲ್ಲ ಇದ್ದದ್ದೇ. ದೊಡ್ಡಪ್ಪ ಎಗರಾಡುತ್ತಾರೆ, ಆಮೇಲೆ ಹಾಲಿಗೆ ಬಂದೇ ಬರುತ್ತಾರೆ. ನನ್ನ ತಲೆ ಕೆಡಿಸಿರುವುದು ಅದಲ್ಲ. ಇನ್ನೊಂದು ವಿಷಯವಿದೆ. ಅದನ್ನು ನಿನ್ನ ಬಿಟ್ಟು ಬೇರೆ ಯಾರನ್ನೂ ಕೇಳುವಂತಿಲ್ಲ. ನೀರು ಕುಡಿದು ಮುಂದೆ ಓದು.

ಆಯುಧಪೂಜೆಯ ದಿನ ಕತ್ತಿ, ಗುದ್ದಲಿ, ಮೋಟಾರು, ಮಿಕ್ಸಿ ಎಲ್ಲಕ್ಕೂ ವಿಭೂತಿ ಎಳೆದು ಹೂವಿಟ್ಟೆ. ಕಣದಲ್ಲಿ ನಿಂತದ್ದನ್ನು ಬಿಡಬಾರದೆಂದು ಮಿಷನ್ನಿಗೂ ಹಚ್ಚಿದೆ, ಚೈನಿಗೆ, ಕ್ಯಾಬಿನ್ನಿಗೆ, ಉದ್ದನೆಯ ಕೈಗೆ. ಮಣ್ಣು ಬಗೆಯುವ ಬಕೆಟ್ಟಿನ ಹತ್ತಿರ ಬಂದಾಗ ನನ್ನ ಕೈ ನಿಂತುಬಿಟ್ಟಿತು. ನಿನಗೆ ಗೊತ್ತಿದೆ, ಅಪ್ಪ ಹೋದ ಆ ಆಗಸ್ಟಿನಿಂದ ಈಚೆಗೆ ಯಾವ ಮಿಷನ್ನಿನ ಬಕೆಟ್ ಕಂಡರೂ ನಾನು ಮುಖ ತಿರುಗಿಸಿಕೊಳ್ಳುತ್ತೇನೆ. ಆದರೆ ಈ ಬಕೆಟ್ಟಿಗೆ ಹಲ್ಲು ಕಾಣಿಸಲಿಲ್ಲ. ಹಲ್ಲಿನ ಮೇಲೆ ದಪ್ಪ ಕಬ್ಬಿಣದ ತಗಡೊಂದನ್ನು ಅಡ್ಡಲಾಗಿ ವೆಲ್ಡ್ ಮಾಡಿ ಮುಚ್ಚಿದ್ದರು. ಇದ್ಯಾಕೆ ಎಂದು ಕೇಳಿದೆ.

ಅವರು ಗ್ರೀಸಿನ ಕೈಯನ್ನು ಬಹಳ ಹೊತ್ತು ಒರೆಸಿಕೊಂಡರು. ಮಳೆಗಾಲಕ್ಕೆ ಮಾತ್ರ ಹಾಕುತ್ತೇನೆ, ಬರೆ ಜರಿದಾಗ ಮಣ್ಣಿನೊಳಗೆ ಜನ ಇದ್ದರೆ ಹಲ್ಲು ತಾಗಬಾರದು, ದಸರಾ ಕಳೆದ ಮೇಲೆ ಕಟ್ ಮಾಡಿ ತೆಗೆಯುತ್ತೇನೆ ಎಂದರು. ಎಂದಿನಿಂದ ಹೀಗೆ ಎಂದೆ. ಏಳು ವರ್ಷದಿಂದ ಎಂದರು. ಆಮೇಲೆ ತಲೆ ತಗ್ಗಿಸಿಕೊಂಡು, "ನಿಮ್ಮ ಯಜಮಾನರನ್ನ ಮಣ್ಣಿಂದ ತೆಗ್ದದ್ದು ನಾನೇ" ಎಂದರು. ಕಣಕ್ಕೆ ಬಂದ ಮೊದಲನೇ ವಾರವೇ ಗೋಡೆಯ ಮೇಲಿನ ಫೋಟೋ ನೋಡಿ ಗುರುತು ಹಿಡಿದಿದ್ದರಂತೆ. ಹೇಳಲು ಬಾಯಿ ಬಂದಿರಲಿಲ್ಲ. ನಾನು ಆರತಿ ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಬಂದೆ. ದೀಪಾವಳಿಯ ತನಕ ಅವರಿಗೆ ಕಾಫಿ ಕೊಡಲಿಲ್ಲ.

ದಿವ್ಯಾ, ಆ ದಿನಗಳನ್ನು ನಾವಿಬ್ಬರೂ ಬಾಯಿಬಿಟ್ಟು ಮಾತಾಡಿಲ್ಲ. ಸೋದರತ್ತೆಯ ಮನೆ ಖಾಲಿ ಮಾಡಿಸಲು ಹೋದವರು ಅಪ್ಪ. ಅತ್ತೆಯನ್ನೂ ಮಕ್ಕಳನ್ನೂ ಜೀಪಿಗೆ ಹತ್ತಿಸಿ, ದನ ಬಿಚ್ಚಿ ಬರುತ್ತೇನೆ ಎಂದು ಹಿಂದೆ ಉಳಿದರು, ಬರೆ ಜರಿದು ಬಂತು. ಸಿಕ್ಕಿದ ದಿನ ನನ್ನನ್ನು ಯಾರೂ ಅಲ್ಲಿಗೆ ಬಿಡಲಿಲ್ಲ. ನೀನು ಪಿಯುಸಿ ಹುಡುಗಿ, ಯಾರ ಮಾತೂ ಕೇಳದೆ ದೊಡ್ಡಪ್ಪನ ಜೊತೆ ಹೋದೆ. ಅಪ್ಪನನ್ನು ತಂದಾಗ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದ್ದರು. ಬಿಚ್ಚಲು ಬಿಡಲಿಲ್ಲ. ನಮ್ಮಲ್ಲಿ ಹೋದವರನ್ನು ಕೂರಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು ಕಳಿಸುವುದು. ನಿಮ್ಮ ಅಪ್ಪನನ್ನು ಕೂರಿಸಲಿಲ್ಲ. ಮಲಗಿಸಿಯೇ ಮಣ್ಣು ಮಾಡಿದರು. ಕೂರಿಸಲು ಬರುವುದಿಲ್ಲ ಎಂದಷ್ಟೇ ದೊಡ್ಡಪ್ಪ ಹೇಳಿದರು. ಯಾಕೆ ಬರುವುದಿಲ್ಲ? ಮಣ್ಣಿನಲ್ಲಿ ದಿನ ಕಳೆದದ್ದಕ್ಕೋ, ಬಕೆಟ್ಟಿನ ಹಲ್ಲು ತಾಗಿದ್ದಕ್ಕೋ? ಏಳು ವರ್ಷದಿಂದ ನನ್ನೊಳಗೆ ಇರುವುದು ಇದೊಂದೇ ಪ್ರಶ್ನೆ. ಅವರನ್ನು ಸರಿಯಾಗಿ ಕಳಿಸಿಕೊಡಲಿಲ್ಲ ಎಂಬ ಸಂಕಟ ನನಗೆ ಒಂದು ದಿನವೂ ಬಿಟ್ಟಿಲ್ಲ.

ಮೊನ್ನೆ ದೇರಪ್ಪನವರು ಮದುವೆಯ ಮಾತೆತ್ತಿದಾಗ ನಾನು ಮೊದಲು ಕೇಳಿದ್ದು ಅದನ್ನೇ. ಹಲ್ಲು ತಾಗಿತ್ತಾ, ದೇವರಾಣೆ ಹೇಳಿ ಎಂದೆ. ಇಲ್ಲ ಎಂದರು. ಮೊದಲು ಕಂಬಳಿಯ ಅಂಚು ಕಂಡಿತಂತೆ. ಕಂಡ ತಕ್ಷಣ ಎಂಜಿನ್ ಆಫ್ ಮಾಡಿ ಇಳಿದು, ಉಳಿದದ್ದನ್ನು ನಾಲ್ಕು ಜನ ಸೇರಿ ಕೈಯಲ್ಲೇ ಬಗೆದರಂತೆ. "ಗೋಡೆಗೆ ಒರಗಿ ಕೂತಿದ್ರು. ಕಾಲು ಮಡಚಿ, ತಲೆ ಮೇಲೆ ಕಂಬಳಿ ಹಾಕ್ಕೊಂಡು, ಮಳೆ ನಿಲ್ಲಲಿ ಅಂತ ಕಾಯೋರ ಹಾಗೆ. ಮೈ ಮೇಲೆ ಒಂದು ಗೀರೂ ಇರ್ಲಿಲ್ಲ" ಎಂದರು.

ಕೂತಿದ್ದರಂತೆ, ದಿವ್ಯಾ. ಆ ಮಾತು ಕೇಳಿ ಜಗಲಿಯಲ್ಲೇ ಕುಸಿದು ಕೂತು ಅತ್ತೆ. ಹಾಗಾದರೆ ನಾವು ಕೂರಿಸದಿದ್ದರೂ ಅವರು ಕೂತೇ ಹೋಗಿದ್ದಾರೆ. ಎಷ್ಟು ಹಗುರವಾಯಿತು ಗೊತ್ತಾ ನನಗೆ? ಆ ಸಂಜೆ ಒಳ್ಳೆಯ ಸೀರೆ ಉಟ್ಟುಕೊಂಡು ಸುಮ್ಮನೆ ಮನೆಯೊಳಗೆ ಓಡಾಡಿದೆ.

ಮಾರನೇ ದಿನ ಪಾತ್ರೆ ತೊಳೆಯುವಾಗ ಬೇರೆ ಯೋಚನೆ ಬಂತು. ಜುಲೈಯಲ್ಲಿ ಕೆಳಮನೆ ಅಜ್ಜಿ ಹೋದರಲ್ಲ, ಆ ಮಳೆಯಲ್ಲಿ ಗುಂಡಿ ತೋಡಲು ಆಳುಗಳಿಗೆ ಆಗದೆ ಇದೇ ಹಿಟಾಚಿಯಲ್ಲಿ ದೇರಪ್ಪನವರೇ ತೋಡಿಕೊಟ್ಟದ್ದು. ಅಜ್ಜಿಯನ್ನು ಕೂರಿಸಿ ಇಳಿಸುವ ತನಕ ಅವರು ಕೊಡೆ ಹಿಡಿದು ಅಲ್ಲೇ ನಿಂತು ನೋಡಿದ್ದಾರೆ. ಅಂದರೆ ನಮ್ಮ ಪದ್ಧತಿ ಅವರಿಗೆ ಗೊತ್ತು. ನನಗೆ ಯಾವ ಮಾತು ಬೇಕಾಗಿದೆ ಎಂದೂ ಗೊತ್ತಾಗಿರಬಹುದು. ನನ್ನ ಸಮಾಧಾನಕ್ಕೆಂದೇ ಕೂರಿಸಿಬಿಟ್ಟರೋ ಏನೋ! ಅದೂ ಅಲ್ಲದೆ, ಆವತ್ತು ಹಲ್ಲು ತಾಗಲೇ ಇಲ್ಲವಾದರೆ ಆವತ್ತಿನಿಂದ ಆ ತಗಡು ಯಾಕೆ? ಕೈ ತೊಳೆಯದೆ ಕಣಕ್ಕೆ ಹೋಗಿ ಇದನ್ನೂ ಕೇಳಿದೆ. "ತಾಗ್ಲಿಲ್ಲ. ಒಂದು ಗೇಣು ಮುಂದೆ ಹೋಗಿದ್ರೆ ತಾಗ್ತಿತ್ತು. ಅದಕ್ಕೇ" ಎಂದರು. ಮುಖ ನೋಡಿದೆ. ಸುಳ್ಳಾಡುವವರ ಮುಖದ ಹಾಗೆ ಕಾಣಲಿಲ್ಲ. ಆದರೆ ನನಗೆ ಮುಖ ನೋಡಲು ಬರುವುದಿಲ್ಲ, ಪಂಪಿನ ಸೀಲ್ ಸೋರುತ್ತಿದೆ ಎಂದಾಗಲೂ ಅದೇ ಮುಖವಿತ್ತು.

ಬೆಳಿಗ್ಗೆ ನಂಬುತ್ತೇನೆ, ಮಧ್ಯಾಹ್ನ ಅನುಮಾನ ಬರುತ್ತದೆ. ನಂಬಿದರೆ ಇವರಿಗಿಂತ ಒಳ್ಳೆಯ ಜೊತೆ ನನಗೆ ಸಿಗುವುದಿಲ್ಲ ಅನ್ನಿಸುತ್ತದೆ. ನಂಬದಿದ್ದರೆ, ಅಪ್ಪನ ಮೈಗೆ ಹಲ್ಲು ತಾಗಿಸಿದ ಕೈಗೆ ದಿನಾ ಅನ್ನ ಬಡಿಸಬೇಕಲ್ಲ! ಇನ್ನೊಂದು ಸಲ, ಸುಳ್ಳೇ ಆಗಿದ್ದರೂ ನನ್ನ ನೋವು ನೋಡಲಾರದೆ ಹೇಳಿದ ಸುಳ್ಳಲ್ಲವೇ, ಅದಕ್ಕೇಕೆ ಕೋಪ ಎನ್ನಿಸುತ್ತದೆ. ಯಾವುದು ಸರಿಯೋ ದೇವರಿಗೇ ಗೊತ್ತು. ದೊಡ್ಡಪ್ಪನನ್ನು ಕೇಳಿದರೆ, "ಹಳೇದೆಲ್ಲ ಯಾಕೆ ಕೆದಕ್ತೀಯ, ಬಿಡು" ಎಂದು ಎದ್ದು ಹೋದರು.

ಉಳಿದವಳು ನೀನೊಬ್ಬಳೇ. ಆವತ್ತು ಆ ಮಣ್ಣಿನ ಹತ್ತಿರ ನಿಂತಿದ್ದೆ. ಮನೆಗೆ ಬಂದು ನನ್ನ ಪಕ್ಕ ಮಲಗಿದೆ. ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಈ ಸಲ ಗೌರಿ ಹಬ್ಬಕ್ಕೆ ಬಂದಾಗ ಹಿತ್ತಲಿಗೆ ಹೋಗಲು ನೀನು ಕಣ ದಾಟದೆ ಕೊಟ್ಟಿಗೆ ಸುತ್ತಿ ಹೋಗುತ್ತಿದ್ದದ್ದನ್ನು ನೋಡಿದ್ದೇನೆ. ಇದು ಯಾವಾಗ ಹೋಗುತ್ತಮ್ಮ ಎಂದು ಸಿಡುಕಿದೆ. ಅವರನ್ನು ಗುರುತು ಹಿಡಿದೆಯಾ? ಅಥವಾ ಮಿಷನ್ನಿನ ಬಕೆಟ್ ಎಂದರೇ ನನ್ನ ಹಾಗೆ ನಿನಗೂ ಹೆದರಿಕೆಯಾ? ಇಷ್ಟು ವರ್ಷ ಆ ಭಾರವನ್ನು ಒಬ್ಬಳೇ ಹೊತ್ತುಕೊಂಡು ಓಡಾಡಿದೆಯಲ್ಲ ಮಗಳೇ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ನೀನು ಹೇಳಬೇಕಾದದ್ದು ಒಂದೇ ಒಂದು ಮಾತು. ಅಪ್ಪ ಕೂತಿದ್ದರಾ?

ನನ್ನ ಸಮಾಧಾನಕ್ಕೆಂದು ಏನೂ ಹೇಳಬೇಡ. ಆ ಕೆಲಸವನ್ನು ಒಬ್ಬರು ಆಗಲೇ ಮಾಡಿದ್ದಾರೆ, ಅಥವಾ ಮಾಡಿಲ್ಲ. ಸರಿಯಾಗಿ ಊಟ ಮಾಡು. ಆನೆ ತಿರುಗುವ ಜಾಗ, ಕತ್ತಲಾಗುವ ಮುಂಚೆ ಕ್ವಾರ್ಟರ್ಸ್ ಸೇರಿಕೋ.

ಮೊಸರಿನ ಸಾರು ಮಾಡಿಟ್ಟು ನಿನ್ನ ಉತ್ತರ ಕಾಯುತ್ತಿರುವ,
ಅಮ್ಮ
ಸರ್ವಮಂಗಳ

ಮರೆತ ಮಾತು: ಈ ವರ್ಷ ಕಾಫಿಯನ್ನು ಒಣಗಿಸದೆ ಹಸಿ ಹಣ್ಣಿನಲ್ಲೇ ಕೊಟ್ಟುಬಿಡುತ್ತೇನೆ ಎಂದು ವ್ಯಾಪಾರಿ ಚಂದ್ರುವಿಗೆ ಹೋದ ವಾರವೇ ಹೇಳಿ ಕಳಿಸಿದ್ದೇನೆ. ಹಾಗಾಗಿ ಕಣ ಬೇಕಾಗುವುದಿಲ್ಲ, ಮಿಷನ್ ಇದ್ದಲ್ಲೇ ಇರಬಹುದು. ಈ ವಿಷಯ ದೇರಪ್ಪನವರಿಗೆ ಇನ್ನೂ ಹೇಳಿಲ್ಲ. ಅಪ್ಪ ಕೂತಿದ್ದರು ಎಂದು ನೀನು ಹೇಳಿದರೆ ನೆಮ್ಮದಿಯಾಗಿ ಹೂಂ ಅನ್ನುತ್ತೇನೆ. ಕೂತಿರಲಿಲ್ಲ ಎಂದರೂ ಹೂಂ ಅನ್ನುತ್ತೇನೆ ಅಂತಲೇ ಕಾಣುತ್ತದೆ, ಆದರೆ ಅದಕ್ಕೆ ಮುಂಚೆ ನಿನ್ನ ಪಕ್ಕದಲ್ಲಿ ಕೂತು ಒಂದು ದಿನ ಅಳಬೇಕು. ಆದ್ದರಿಂದ ಬರೆಯುವುದು ಬೇಡ, ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬಂದುಬಿಡು. ಆವತ್ತು ಅವರಿಗೆ ದೂರದಲ್ಲಿ ಕೆಲಸ ಇದೆ, ಸಂಜೆಯ ತನಕ ಕಣ ಖಾಲಿ ಇರುತ್ತದೆ.